ಅಮೆರಿಕದಲ್ಲಿ ಓದುತ್ತಾ ದುಡಿಯುವುದು: ವರ್ಕ್-ಸ್ಟಡಿ ಮತ್ತು ಕ್ಯಾಂಪಸ್ ಕೆಲಸ ಹುಡುಕುವ ಸಮಗ್ರ ಮಾರ್ಗದರ್ಶಿ

"ಅಲ್ಲಿ ಓದ್ತಾ ಓದ್ತಾನೇ ದುಡೀಬಹುದಂತೆ, ಅಲ್ವಾ?" ಮಗನನ್ನೋ ಮಗಳನ್ನೋ ಅಮೆರಿಕಕ್ಕೆ ಕಳಿಸಲು ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕಿದ ಅಪ್ಪ-ಅಮ್ಮಂದಿರು ನನ್ನನ್ನು ಮೊದಲು ಕೇಳುವುದು ಇದನ್ನೇ. ದುಡಿಯಬಹುದು. ನಾನೂ ದುಡಿದಿದ್ದೇನೆ. ಹಾಸನದಿಂದ ಹೋಗಿ ಅಲ್ಲಿನ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂಎಸ್ ಮಾಡುವಾಗ ಮೊದಲು ಡೈನಿಂಗ್ ಹಾಲ್‌ನಲ್ಲಿ, ಆಮೇಲೆ ಲೈಬ್ರರಿಯಲ್ಲಿ ಕೆಲಸ ಮಾಡಿದೆ. ಆದರೆ ವರ್ಕ್-ಸ್ಟಡಿ ಅನ್ನುವ ಒಂದೇ ಹೆಸರಿನಲ್ಲಿ ಜನ ಎರಡು ಬೇರೆ ವಿಷಯಗಳನ್ನು ಸೇರಿಸಿ ಮಾತಾಡುತ್ತಾರೆ. ತಮಗೆ ಯಾವುದು ಅನ್ವಯಿಸುತ್ತದೆ ಎಂದು ಗೊತ್ತಿಲ್ಲದೆ ನಮ್ಮ ಹುಡುಗರು ತಿಂಗಳುಗಟ್ಟಲೆ ತಮ್ಮದಲ್ಲದ ಬಾಗಿಲು ತಟ್ಟುತ್ತಾರೆ. ಆ ತಿಂಗಳುಗಳು ಉಳಿಯಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ

ಫೆಡರಲ್ ವರ್ಕ್-ಸ್ಟಡಿ ಅಮೆರಿಕ ಸರ್ಕಾರದ ಯೋಜನೆ. 1964ರ ಕಾನೂನೊಂದರಿಂದ ಶುರುವಾಯಿತು. ಹಣದ ಅಗತ್ಯ ಇರುವ ವಿದ್ಯಾರ್ಥಿಗೆ ಕಾಲೇಜೇ ಪಾರ್ಟ್‌ಟೈಮ್ ಕೆಲಸ ಕೊಡುತ್ತದೆ. ಸಾಮಾನ್ಯವಾಗಿ ಸಂಬಳದ ಶೇಕಡ 75ರವರೆಗೆ ಸರ್ಕಾರದ ಹಣದಿಂದ ಬರುತ್ತದೆ. ಇದು ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮತ್ತು ನಿರಾಶ್ರಿತರಂಥ ಇನ್ನು ಕೆಲವರಿಗೆ ಮಾತ್ರ.

ಭಾರತದಿಂದ ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಈ ಯೋಜನೆ ಇಲ್ಲ. ಹಾಗಂತ ಕೆಲಸವೇ ಇಲ್ಲ ಎಂದಲ್ಲ. ಕಾಲೇಜು ತನ್ನದೇ ಹಣದಲ್ಲಿ ಕೊಡುವ ಕ್ಯಾಂಪಸ್ ಕೆಲಸಗಳನ್ನು ಎಫ್-1 ವಿದ್ಯಾರ್ಥಿ ಮಾಡಬಹುದು. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ, ರಜೆಯಲ್ಲಿ ಪೂರ್ತಿ ಸಮಯ. ಜಾಹೀರಾತಿನಲ್ಲಿ "ವರ್ಕ್-ಸ್ಟಡಿ ಕಡ್ಡಾಯ" ಎಂದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗಿ. ನಾನು ಮೊದಲ ಎರಡು ವಾರ ಅಂಥವಕ್ಕೇ ಅರ್ಜಿ ಹಾಕುತ್ತಾ ಕೂತಿದ್ದೆ. ಯಾರೂ ಉತ್ತರ ಕೊಡಲಿಲ್ಲ. ಯಾಕೆ ಎಂದು ಆಗ ಗೊತ್ತಾಗಲೂ ಇಲ್ಲ.

ಇನ್ನೊಂದು ಗುಂಪಿದೆ. ಅವರ ಬಗ್ಗೆ ನಮ್ಮವರಲ್ಲಿ ತಪ್ಪು ತಿಳಿವಳಿಕೆ ಜಾಸ್ತಿ. ಅಪ್ಪ ಅಥವಾ ಅಮ್ಮ ಎಚ್-1ಬಿ ಅನ್ನುವ ಉದ್ಯೋಗ ವೀಸಾದಲ್ಲಿದ್ದು, ಚಿಕ್ಕಂದಿನಲ್ಲೇ ಅವರ ಜೊತೆ ಅಮೆರಿಕಕ್ಕೆ ಹೋಗಿ ಅಲ್ಲೇ ಹೈಸ್ಕೂಲ್ ಮುಗಿಸಿದ ಮಕ್ಕಳು. ಇವರು ಎಚ್-4ರಲ್ಲಿ (ಎಚ್-1ಬಿಯವರ ಗಂಡ-ಹೆಂಡತಿ, ಮಕ್ಕಳಿಗೆ ಕೊಡುವ ವೀಸಾ) ಇದ್ದರೆ ಕಾಲೇಜಿಗೆ ಹೋಗಬಹುದು, ಕೆಲಸ ಮಾಡುವ ಹಾಗಿಲ್ಲ. ಕ್ಯಾಂಪಸ್ ಒಳಗೂ ಇಲ್ಲ. ಎಚ್-4ರಲ್ಲಿ ಕೆಲಸದ ಪರ್ಮಿಟ್ ಸಿಗುವುದು ಕೆಲವು ಗಂಡ-ಹೆಂಡತಿಯರಿಗೆ, ಮಕ್ಕಳಿಗಲ್ಲ. ಸ್ಟೇಟಸ್ ಅನ್ನು ಎಫ್-1ಕ್ಕೆ ಬದಲಾಯಿಸಿಕೊಂಡರೆ ಕ್ಯಾಂಪಸ್ ಕೆಲಸ ತೆರೆದುಕೊಳ್ಳುತ್ತದೆ. ಆ ಹೆಜ್ಜೆಗೆ ವಲಸೆ ವಕೀಲರ ಸಲಹೆ ಬೇಕೇ ಬೇಕು. ಅಲ್ಲೇ ಹುಟ್ಟಿದ ಮಗು ಅಲ್ಲಿನ ಪ್ರಜೆ. ಅಪ್ಪ-ಅಮ್ಮನ ವೀಸಾ ಯಾವುದೇ ಇರಲಿ, ಆ ಮಗು ವರ್ಕ್-ಸ್ಟಡಿಗೆ ಅರ್ಜಿ ಹಾಕಬಹುದು.

ಹಣದ ಲೆಕ್ಕ, ಕಾಗದದ ಮೇಲೆ

ದಯವಿಟ್ಟು ಈ ಲೆಕ್ಕವನ್ನು ವಿಮಾನ ಹತ್ತುವ ಮೊದಲೇ ಮಾಡಿ. ಗಂಟೆಗೆ 12 ಡಾಲರ್ ಎಂದುಕೊಳ್ಳಿ. ವಾರಕ್ಕೆ 20 ಗಂಟೆ, 16 ವಾರದ ಸೆಮಿಸ್ಟರ್. ಒಟ್ಟು 3,840 ಡಾಲರ್. ನಾಲ್ಕು ತಿಂಗಳಿಗೆ ಹಂಚಿದರೆ ತಿಂಗಳಿಗೆ 960. ಚಿಕ್ಕ ಊರಿನಲ್ಲಿ ಮೂವರು ಸೇರಿ ಮನೆ ಮಾಡಿದರೆ ಬಾಡಿಗೆ, ದಿನಸಿ, ಫೋನ್ ಬಿಲ್ ನಡೆದುಹೋಗುತ್ತದೆ. ಟ್ಯೂಷನ್ ಫೀಸು ಇದರಲ್ಲಿ ಆಗುವುದಿಲ್ಲ. ಎಫ್-1 ವೀಸಾಕ್ಕಾಗಿ ಕಾಲೇಜು ಕೊಡುವ ಐ-20 ಪತ್ರಕ್ಕೆ ಹಣ ತೋರಿಸುವಾಗಲೂ ಮುಂದೆ ಸಿಗಬಹುದಾದ ಇಂಥ ಕೆಲಸವನ್ನು ನಂಬಿಕೊಳ್ಳಬೇಡಿ. "ಹೋಗಿ ದುಡಿದು ಫೀಸು ಕಟ್ಟುತ್ತೇನೆ" ಎಂದು ಮನೆಯಲ್ಲಿ ಮಾತು ಕೊಟ್ಟು ಹೋದ ಹುಡುಗರು ಎರಡನೇ ಸೆಮಿಸ್ಟರ್‌ನಲ್ಲಿ ಪಡುವ ಸಂಕಟ ನೋಡಿದ್ದೇನೆ. ಕಾನೂನು ಮೀರಿದ ಕೆಲಸಕ್ಕೆ ಕೈ ಹಾಕುವುದೂ ಆಗಲೇ.

ಕೂಲಿ ಊರಿಂದ ಊರಿಗೆ ತುಂಬಾ ಬೇರೆ. ಕೇಂದ್ರದ ಕನಿಷ್ಠ ಕೂಲಿ 2009ರಿಂದ 7.25 ಡಾಲರ್‌ನಲ್ಲೇ ನಿಂತಿದೆ. ಟೆಕ್ಸಾಸ್, ನಾರ್ತ್ ಕ್ಯಾರೊಲಿನಾದಂಥ ರಾಜ್ಯಗಳಲ್ಲಿ ಕಾನೂನಿನ ಕನಿಷ್ಠ ಅದೇ. ಕ್ಯಾಲಿಫೋರ್ನಿಯಾದಲ್ಲಿ 2025ರಲ್ಲಿ 16.50 ಇತ್ತು. ಆದರೆ ಅಲ್ಲಿನ ಬಾಡಿಗೆಯೂ ಹಾಗೇ. ಕೂಲಿ ಒಂದನ್ನೇ ನೋಡಿ ಕಾಲೇಜು ಆರಿಸಬೇಡಿ.

ವರ್ಕ್-ಸ್ಟಡಿ ಸಿಕ್ಕವರ ಲೆಕ್ಕ ಬೇರೆ ಥರ. ಕಾಲೇಜಿನ ಪತ್ರದಲ್ಲಿ "ವರ್ಕ್-ಸ್ಟಡಿ: 3,000 ಡಾಲರ್" ಎಂದಿದ್ದರೆ ಅದು ಫೀಸಿನಿಂದ ಕಳೆಯುವ ಹಣ ಅಲ್ಲ, ಕೈಗೆ ಕೊಡುವ ಹಣವೂ ಅಲ್ಲ. ಅಷ್ಟರವರೆಗೆ ದುಡಿಯಲು ಕೊಟ್ಟ ಅವಕಾಶ. ಕೆಲಸ ಹುಡುಕಿಕೊಂಡು, ಮಾಡಿ, ಸಂಬಳವಾಗಿ ತೆಗೆದುಕೊಳ್ಳಬೇಕು. ಗಂಟೆಗೆ 15 ಡಾಲರ್ ಆದರೆ 200 ಗಂಟೆ. 30 ವಾರಕ್ಕೆ ಹಂಚಿದರೆ ವಾರಕ್ಕೆ ಏಳು ಗಂಟೆಗಿಂತ ಸ್ವಲ್ಪ ಕಮ್ಮಿ. ವಾರಕ್ಕೆ 15 ಗಂಟೆ ಮಾಡಿದರೆ ಡಿಸೆಂಬರ್ ಮುಗಿಯುವಷ್ಟರಲ್ಲೇ ಇಡೀ ವರ್ಷದ ಮಿತಿ ಮುಟ್ಟಿರುತ್ತದೆ. ಮೇಲ್ವಿಚಾರಕರ ಹತ್ತಿರ ಇದನ್ನು ಮೊದಲ ದಿನವೇ ಮಾತಾಡಿಕೊಳ್ಳಿ. ಕೆಲಸವನ್ನೇ ಹುಡುಕದಿದ್ದರೆ ಆ 3,000ದಲ್ಲಿ ಒಂದು ಡಾಲರೂ ಬರುವುದಿಲ್ಲ.

ಫಾಫ್ಸಾ ತುಂಬುವವರಿಗೆ

ವರ್ಕ್-ಸ್ಟಡಿಗೆ ಬಾಗಿಲು ಫಾಫ್ಸಾ (FAFSA), ಅಂದರೆ ಸರ್ಕಾರದ ವಿದ್ಯಾರ್ಥಿ ನೆರವಿಗೆ ಹಾಕುವ ಅರ್ಜಿ. ಸಾಮಾನ್ಯವಾಗಿ ಹಿಂದಿನ ವರ್ಷದ ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ತುಂಬಲು ಹಣ ಕೊಡಬೇಕಿಲ್ಲ. ಸರ್ಕಾರದ ಕೊನೇ ದಿನಾಂಕ ತುಂಬಾ ದೂರ ಇರುತ್ತದೆ, ಅದನ್ನು ನೋಡಿ ಆರಾಮಾಗಿ ಕೂರಬೇಡಿ. ನಿಮ್ಮ ಕಾಲೇಜಿನ ಆದ್ಯತೆಯ ದಿನಾಂಕ ಮುಖ್ಯ, ಬಹಳಷ್ಟು ಕಡೆ ಅದು ಫೆಬ್ರವರಿ-ಮಾರ್ಚ್‌ನಲ್ಲಿ ಬರುತ್ತದೆ. ವರ್ಕ್-ಸ್ಟಡಿ ಹಣ ಪ್ರತಿ ಕಾಲೇಜಿಗೂ ಇಷ್ಟೇ ಎಂದು ಬರುವಂಥದ್ದು. ತಡವಾಗಿ ಬಂದವರು ಅರ್ಹರಾಗಿದ್ದರೂ ಬರಿಗೈಯಲ್ಲಿ ಹೋಗುತ್ತಾರೆ. ಅಪ್ಪ-ಅಮ್ಮ ಇಬ್ಬರೂ ಸಾಫ್ಟ್‌ವೇರ್‌ನಲ್ಲಿದ್ದರೆ ಅಗತ್ಯ ಇಲ್ಲ ಎಂದು ಬರುವ ಸಾಧ್ಯತೆ ಹೆಚ್ಚು. ಬಂದರೆ ಬರಲಿ, ಯೋಜನೆಗೆ ಸೇರದ ಮಾಮೂಲಿ ಕ್ಯಾಂಪಸ್ ಕೆಲಸಗಳು ಆ ಮಕ್ಕಳಿಗೂ ಇವೆ.

ಯಾವಾಗ ಹುಡುಕಬೇಕು

ಕ್ಯಾಂಪಸ್ ಕೆಲಸಕ್ಕೂ ಬಿತ್ತನೆಯ ಹದ ಇದ್ದ ಹಾಗೆ ಒಂದು ಸಮಯ ಇದೆ. ಮೇ ತಿಂಗಳಲ್ಲಿ ಹಳೆಯ ವಿದ್ಯಾರ್ಥಿಗಳು ಪದವಿ ಮುಗಿಸಿ ಹೋಗುತ್ತಾರೆ, ಅವರ ಜಾಗಗಳು ಖಾಲಿ. ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಆ ಜಾಗಗಳಿಗೆ ಜಾಹೀರಾತು ಬರುತ್ತದೆ. ಕಾಲೇಜಿನ ಇಮೇಲ್ ಐಡಿ ಊರಿನಲ್ಲಿರುವಾಗಲೇ ಸಿಕ್ಕಿರುತ್ತದೆ. ಮೈಸೂರಿನಲ್ಲೋ ಬೆಳಗಾವಿಯಲ್ಲೋ ಮನೆಯಲ್ಲೇ ಕೂತು ಕಾಲೇಜಿನ ಜಾಬ್ ಪೋರ್ಟಲ್‌ಗೆ ಲಾಗಿನ್ ಆಗಿ. ಬಹಳ ಕಾಲೇಜುಗಳು ಹ್ಯಾಂಡ್‌ಶೇಕ್ ಎಂಬ ಉದ್ಯೋಗ ಜಾಲತಾಣ ಬಳಸುತ್ತವೆ, ಕೆಲವಕ್ಕೆ ತಮ್ಮದೇ ಪೋರ್ಟಲ್ ಇರುತ್ತದೆ. ಎರಡನ್ನೂ ನೋಡಿ. ಎಫ್-1 ವಿದ್ಯಾರ್ಥಿ ತರಗತಿ ಶುರುವಾಗುವ ದಿನಕ್ಕೆ 30 ದಿನ ಮೊದಲಿನಿಂದಲೇ ಕ್ಯಾಂಪಸ್ ಕೆಲಸ ಮಾಡಬಹುದು. ಅರ್ಜಿ ಹಾಕಲಂತೂ ಊರಿನಿಂದ ಯಾವ ಅಡ್ಡಿಯೂ ಇಲ್ಲ.

ಆಗಸ್ಟ್‌ನಲ್ಲಿ ಸಿಗಲಿಲ್ಲ ಅಂದರೆ ಕೈ ಚೆಲ್ಲಬೇಡಿ. ಸೆಮಿಸ್ಟರ್ ಶುರುವಾಗಿ ನಾಲ್ಕು-ಆರು ವಾರಕ್ಕೆ ಮೊದಲ ಪರೀಕ್ಷೆಗಳು ಬರುತ್ತವೆ. ಆಗ ಕೆಲವರು "ಇನ್ನು ಆಗಲ್ಲ" ಎಂದು ಕೆಲಸ ಬಿಡುತ್ತಾರೆ. ಆ ಜಾಗಗಳಿಗೆ ಹೊಸ ಜಾಹೀರಾತು ಹಾಕುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಮೇಜಿನ ಮೇಲೆ ಯಾರ ರೆಸ್ಯುಮೆ ಇದೆಯೋ ಅವರಿಗೆ ಫೋನ್ ಹೋಗುತ್ತದೆ. ಜನವರಿ ಇನ್ನೊಂದು ಸುಗ್ಗಿ.

ಎಲ್ಲಿ ಹುಡುಕಬೇಕು

ಡೈನಿಂಗ್ ಹಾಲ್‌ನಿಂದಲೇ ಶುರು ಮಾಡಿ. ಅತಿ ಹೆಚ್ಚು ಕೈ ಬೇಕಾಗುವುದು ಅಲ್ಲಿ, ಅನುಭವ ಕೇಳುವುದಿಲ್ಲ, ಪಾಳಿಯ ದಿನ ಒಂದು ಊಟ ಸಿಗುವುದೂ ಉಂಟು. ತಟ್ಟೆ ತೊಳೆಯುವುದು, ಮೇಜು ಒರೆಸುವುದು, ಸಲಾಡ್ ತುಂಬಿಸುವುದು, ಕ್ಯಾಶಿಯರ್. ಮಾಂಸ ಮುಟ್ಟಲು ಕಷ್ಟ ಅನ್ನುವವರು ಸಂಕೋಚ ಪಡದೆ ಸಂದರ್ಶನದಲ್ಲೇ ಹೇಳಿ. ಬೇಕರಿ, ತಟ್ಟೆ ತೊಳೆಯುವ ಕೋಣೆ, ಕ್ಯಾಶ್ ಕೌಂಟರ್‌ಗೆ ಹಾಕಿ ಎಂದು ಕೇಳಬಹುದು. ನನ್ನ ಮ್ಯಾನೇಜರ್ ಹೂಂ ಎಂದು ತಲೆಯಾಡಿಸಿ ಪಟ್ಟಿಯಲ್ಲಿ ಒಂದು ಗುರುತು ಹಾಕಿಕೊಂಡರು, ಅಷ್ಟೇ.

ಮನೆಯಲ್ಲಿ ಒಂದು ಲೋಟವನ್ನೂ ತೊಳೆಯದೆ ಬೆಳೆದವನು ನಾನು. ಮೊದಲ ತಿಂಗಳು ಅಮ್ಮನಿಗೆ "ಕ್ಯಾಂಟೀನ್‌ನಲ್ಲಿ ಕೆಲಸ" ಎಂದಷ್ಟೇ ಹೇಳಿದ್ದೆ. ಒಂದು ದಿನ ವಿಡಿಯೊ ಕಾಲ್‌ನಲ್ಲಿ ನನ್ನ ಕೈ ನೋಡಿ ಅಮ್ಮನೇ ಕೇಳಿದಳು. ಹೇಳಿದೆ. "ನಿಮ್ಮ ಅಜ್ಜ ವಾರಾನ್ನ ಮಾಡಿಕೊಂಡು ಓದಿದವರು ಕಣೋ, ದಿನಾ ಒಬ್ಬೊಬ್ಬರ ಮನೇಲಿ ಊಟ. ನೀನು ದುಡಿದು ತಿಂತಿದ್ದೀಯ" ಎಂದಳು. ಅವತ್ತಿನಿಂದ ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ನೀವೂ ಮುಚ್ಚಿಡಬೇಡಿ.

ಆಮೇಲೆ ಲೈಬ್ರರಿ, ಹಾಸ್ಟೆಲ್‌ನ ಫ್ರಂಟ್ ಡೆಸ್ಕ್, ಜಿಮ್, ಐಟಿ ಹೆಲ್ಪ್‌ಡೆಸ್ಕ್, ಅಂಚೆ ಕೋಣೆ, ಪುಸ್ತಕದ ಅಂಗಡಿ. ಕ್ಯಾಂಪಸ್ ಒಳಗೆ ವಿದ್ಯಾರ್ಥಿಗಳಿಗಾಗಿಯೇ ನಡೆಯುವ ಅಂಗಡಿ ಖಾಸಗಿಯವರದ್ದಾದರೂ ಎಫ್-1 ನಿಯಮದಲ್ಲಿ ಕ್ಯಾಂಪಸ್ ಕೆಲಸವೇ. ಎಂಎಸ್, ಪಿಎಚ್‌ಡಿಯವರು ಗ್ರೇಡರ್ (ಉತ್ತರಪತ್ರಿಕೆ ತಿದ್ದುವವರು), ಟಿಎ (ಪಾಠಕ್ಕೆ ಸಹಾಯಕರು), ಆರ್‌ಎ (ಸಂಶೋಧನೆಗೆ ಸಹಾಯಕರು) ಕೆಲಸಗಳನ್ನೂ ಕೇಳಬೇಕು. ಟಿಎ ಅಥವಾ ಆರ್‌ಎ ಸಿಕ್ಕರೆ ಎಷ್ಟೋ ಕಡೆ ಫೀಸಿನಲ್ಲೂ ರಿಯಾಯಿತಿ ಸಿಗುತ್ತದೆ. ಆ ಲೆಕ್ಕವೇ ಬೇರೆ. ಪ್ರೊಫೆಸರ್‌ಗೆ ಬರೆಯುವಾಗ ಐವತ್ತು ಜನರಿಗೆ ಒಂದೇ ಪತ್ರ ಕಳಿಸಬೇಡಿ, ಅವರಿಗೆ ತಕ್ಷಣ ಗೊತ್ತಾಗುತ್ತದೆ. ಅವರ ಒಂದು ಪೇಪರ್ ಓದಿ, ಅದರಲ್ಲಿ ಯಾವ ಭಾಗಕ್ಕೆ ನಿಮ್ಮ ಕೈ ಆಗುತ್ತದೆ ಎಂದು ಐದು ಸಾಲಿನಲ್ಲಿ ಬರೆಯಿರಿ.

ವರ್ಕ್-ಸ್ಟಡಿ ಇರುವವರು ಕ್ಯಾಂಪಸ್ ಹೊರಗೂ ನೋಡಿ. ಕಾಲೇಜು ತನಗೆ ಬಂದ ವರ್ಕ್-ಸ್ಟಡಿ ಹಣದಲ್ಲಿ ಕನಿಷ್ಠ ಶೇಕಡ 7ರಷ್ಟನ್ನು ಸಮುದಾಯ ಸೇವೆಯ ಕೆಲಸಗಳಿಗೆ ಬಳಸಬೇಕು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಓದು ಕಲಿಸುವುದು ಅಂಥ ಒಂದು ಕೆಲಸ. ಮುಂದೆ ಮೇಷ್ಟ್ರಾಗಬೇಕು ಅನ್ನುವವರಿಗೆ ಹೇಳಿ ಮಾಡಿಸಿದಂತಿದೆ. ಸಂಬಳದ ಬಹುಪಾಲು ಸರ್ಕಾರದಿಂದ ಬರುವುದರಿಂದ ನಿಮ್ಮನ್ನು ಇಟ್ಟುಕೊಳ್ಳುವವರಿಗೆ ಖರ್ಚು ಕಡಿಮೆ. ಆದ್ದರಿಂದ ಯಾವ ಕಚೇರಿಗೆ ಹೋದರೂ ಮೊದಲ ಮಾತಿನಲ್ಲೇ "ನನಗೆ ವರ್ಕ್-ಸ್ಟಡಿ ಇದೆ" ಎಂದು ಹೇಳಿ.

ಮುಖ ತೋರಿಸುವುದು

ರೆಸ್ಯುಮೆ ಒಂದೇ ಪುಟ. ಫೋಟೊ, ಹುಟ್ಟಿದ ದಿನಾಂಕ, ತಂದೆಯ ಹೆಸರು, ಮದುವೆ ಆಗಿದೆಯೋ ಇಲ್ಲವೋ, ಇದ್ಯಾವುದೂ ಬೇಡ. "ಕೆಲಸದ ಅನುಭವ ಇಲ್ಲ" ಎಂದು ಖಾಲಿ ಬಿಡಬೇಡಿ. ಅಪ್ಪನ ಅಂಗಡಿಯಲ್ಲಿ ಸಂಜೆ ಗಲ್ಲಾದಲ್ಲಿ ಕೂತಿದ್ದೀರಾ? ಅದು ಕ್ಯಾಶ್ ಕೆಲಸ. ಕಾಲೇಜು ಹಬ್ಬಕ್ಕೆ ಊಟದ ವ್ಯವಸ್ಥೆ ನೋಡಿದ್ದೀರಾ? ಗಣೇಶನ ಹಬ್ಬಕ್ಕೆ ಬೀದಿಯಲ್ಲಿ ಚಂದಾ ಎತ್ತಿ ಲೆಕ್ಕ ಇಟ್ಟಿದ್ದೀರಾ? ಎಷ್ಟು ಜನ, ಎಷ್ಟು ದಿನ, ಎಷ್ಟು ಹಣ ಎಂದು ಅಂಕಿ ಸಮೇತ ಬರೆಯಿರಿ. ಅಲ್ಲಿಯವರು ಅದನ್ನು ಗೌರವದಿಂದಲೇ ಓದುತ್ತಾರೆ.

ರೆಸ್ಯುಮೆಗಿಂತ ಮುಖ್ಯವಾದ ಇನ್ನೊಂದು ಕಾಗದ ಇದೆ. ವಾರದ ಏಳು ದಿನ, ಬೆಳಗ್ಗೆ ಆರರಿಂದ ರಾತ್ರಿ ಹನ್ನೆರಡರವರೆಗೆ ನೀವು ಯಾವಾಗ ಬಿಡುವು ಎಂದು ತೋರಿಸುವ ಚೌಕಟ್ಟು. ಪೋರ್ಟಲ್‌ನಲ್ಲಿ ಹಾಕಿದ ಅರ್ಜಿಗಳಿಗೆ ಉತ್ತರ ಬರದೆ ಬೇಸತ್ತು, ನಾನು ಈ ಎರಡು ಕಾಗದ ಹಿಡಿದು ಒಂದು ಬುಧವಾರ ಮಧ್ಯಾಹ್ನ ಮೂರಕ್ಕೆ ಡೈನಿಂಗ್ ಹಾಲ್‌ಗೆ ಹೋದೆ. ಊಟದ ಗಲಾಟೆ ಮುಗಿದಿತ್ತು. ಮ್ಯಾನೇಜರ್ ರೆಸ್ಯುಮೆಯನ್ನು ನೋಡಲೇ ಇಲ್ಲ. ಚೌಕಟ್ಟನ್ನು ಮಾತ್ರ ನೋಡಿ, "ಶನಿವಾರ ಬೆಳಗ್ಗೆ ಆರಕ್ಕೆ ನಿಜವಾಗಲೂ ಬರ್ತೀಯಾ?" ಎಂದು ಕೇಳಿದರು. ಬರ್ತೀನಿ ಎಂದೆ. ಅಲ್ಲಿಗೆ ಕೆಲಸ ಸಿಕ್ಕಿತು.

ಯಾರೂ ಕೇಳದ ಪಾಳಿಗಳನ್ನು ನೀವು ಕೇಳಿ. ಬೆಳಗಿನ ಜಾವ, ಶನಿವಾರ ರಾತ್ರಿ, ಫುಟ್‌ಬಾಲ್ ಪಂದ್ಯದ ದಿನ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ, ಡಿಸೆಂಬರ್ ರಜೆಗೆ ಅಲ್ಲಿನ ವಿದ್ಯಾರ್ಥಿಗಳೆಲ್ಲ ಮನೆಗೆ ಹೋಗುತ್ತಾರೆ. ನಮ್ಮ ಊರು ದೂರ, ನಾವು ಅಲ್ಲೇ ಇರುತ್ತೇವೆ. "ರಜೆಯಲ್ಲೂ ನಾನಿರುತ್ತೇನೆ" ಎಂಬ ಒಂದು ಮಾತು ಮ್ಯಾನೇಜರ್‌ನ ಅರ್ಧ ತಲೆನೋವು ಕಳೆಯುತ್ತದೆ. ಒಂದು ವಾರ ಉತ್ತರ ಬರದಿದ್ದರೆ ಮತ್ತೆ ಹೋಗಿ. ಸುಮ್ನೆ ಇಮೇಲ್ ಕಾಯುತ್ತಾ ಕೂತರೆ ಸೆಮಿಸ್ಟರ್ ಮುಗಿದುಹೋಗುತ್ತದೆ.

ಕೆಲಸ ಕೊಡಿಸುತ್ತೇನೆ ಎಂದು ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕಾಲೇಜಿನ ಇಮೇಲ್‌ಗೇ "ಪ್ರೊಫೆಸರ್‌ಗೆ ಸಹಾಯಕರು ಬೇಕು, ವಾರಕ್ಕೆ ಇಷ್ಟು ಡಾಲರ್" ಎಂಬ ಮೋಸದ ಪತ್ರಗಳೂ ಬರುತ್ತವೆ. ಅವರು ಚೆಕ್ ಕಳಿಸುತ್ತಾರೆ. ಅದನ್ನು ಖಾತೆಗೆ ಹಾಕಿ, ಅದರಲ್ಲಿ ಗಿಫ್ಟ್ ಕಾರ್ಡ್ ಕೊಂಡು ನಂಬರ್ ಕಳಿಸು ಎನ್ನುತ್ತಾರೆ. ಕೆಲವು ದಿನಕ್ಕೆ ಚೆಕ್ ಬೌನ್ಸ್ ಆಗುತ್ತದೆ, ಹೋಗುವುದು ನಿಮ್ಮ ಹಣ.

ಕೆಲಸ ಸಿಕ್ಕ ಮೇಲಿನ ಕಾಗದಪತ್ರ

"ಎಸ್‌ಎಸ್‌ಎನ್ ಇಲ್ಲ, ಹಾಗಾಗಿ ಕೆಲಸ ಕೇಳಿಲ್ಲ" ಎನ್ನುವವರು ಪ್ರತಿ ವರ್ಷ ಸಿಗುತ್ತಾರೆ. ಅದು ತಲೆಕೆಳಗು. ಎಸ್‌ಎಸ್‌ಎನ್ ಅಂದರೆ ಸಂಬಳ, ತೆರಿಗೆಯ ಲೆಕ್ಕಕ್ಕೆ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ನಂಬರ್. ಎಫ್-1 ವಿದ್ಯಾರ್ಥಿಗೆ ಮೊದಲು ಕೆಲಸ, ಆಮೇಲೆ ಎಸ್‌ಎಸ್‌ಎನ್ ನಂಬರ್. ಕೆಲಸ ಕೊಟ್ಟವರಿಂದ ಒಂದು ಪತ್ರ, ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿರುವ ಡಿಎಸ್‌ಒ ಎಂಬ ಅಧಿಕಾರಿಯಿಂದ ಇನ್ನೊಂದು ಪತ್ರ. ಇವೆರಡರ ಜೊತೆ ಪಾಸ್‌ಪೋರ್ಟ್, ಐ-20, ಐ-94 (ಅಮೆರಿಕ ಪ್ರವೇಶದ ದಾಖಲೆ) ತೆಗೆದುಕೊಂಡು ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗಿ. ಅಮೆರಿಕಕ್ಕೆ ಬಂದು ಹತ್ತು ದಿನವಾದರೂ ಆಗಿರಲಿ, ಇಲ್ಲದಿದ್ದರೆ ಅವರ ಕಂಪ್ಯೂಟರ್‌ನಲ್ಲಿ ನಿಮ್ಮ ವಿವರ ಕಾಣಿಸದೆ ವಾಪಸ್ ಕಳಿಸಬಹುದು. ಇದಕ್ಕೆ ಶುಲ್ಕ ಇಲ್ಲ.

ಕೆಲಸ ಮಾಡಲು ಅನುಮತಿ ಇದೆ ಎಂದು ತೋರಿಸುವ ಐ-9 ಫಾರಂನಲ್ಲಿ ನಿಮ್ಮ ಭಾಗವನ್ನು ಕೆಲಸದ ಮೊದಲ ದಿನದೊಳಗೆ ತುಂಬಬೇಕು. ಮೂಲ ದಾಖಲೆಗಳನ್ನು ಮೂರು ಕೆಲಸದ ದಿನಗಳೊಳಗೆ ತೋರಿಸಬೇಕು. ಅಲ್ಲಿನ ಪ್ರಜೆಗಳಾದ ಮಕ್ಕಳು ಪಾಸ್‌ಪೋರ್ಟನ್ನೋ ಎಸ್‌ಎಸ್‌ಎನ್ ಕಾರ್ಡನ್ನೋ ಮನೆಯ ಬೀರುವಿನಲ್ಲೇ ಬಿಟ್ಟು ಹಾಸ್ಟೆಲ್‌ಗೆ ಬಂದಿರುತ್ತಾರೆ. ಇದಕ್ಕೇ ಎಷ್ಟೋ ಜನರ ಕೆಲಸ ವಾರಗಟ್ಟಲೆ ತಡವಾಗುತ್ತದೆ.

20 ಗಂಟೆ ಅಂದರೆ 20 ಗಂಟೆ

ಇದನ್ನು ನಿಮ್ಮ ಅಣ್ಣನೋ ಅಕ್ಕನೋ ಹೇಳಿದ ಹಾಗೆ ತಿಳಿದು ಕೇಳಿ. ಎಫ್-1ರಲ್ಲಿ 20 ಗಂಟೆಯ ಮಿತಿ ಎಲ್ಲ ಕೆಲಸಗಳನ್ನೂ ಕೂಡಿಸಿ. ಲೈಬ್ರರಿಯಲ್ಲಿ 12, ಡೈನಿಂಗ್ ಹಾಲ್‌ನಲ್ಲಿ 9 ಮಾಡಿದರೆ ಮಿತಿ ಮೀರಿದಂತೆ. 20 ಗಂಟೆಯ ಟಿಎ ಇದ್ದರೆ ಬೇರೆ ಯಾವುದೂ ಇಲ್ಲ. "ಈ ವಾರ 25, ಮುಂದಿನ ವಾರ 15" ಎಂದು ಸರಿದೂಗಿಸುವ ಹಾಗಿಲ್ಲ. ನಾನು 19ಕ್ಕೆ ನಿಲ್ಲಿಸುತ್ತಿದ್ದೆ. ಪಾಳಿ ಮುಗಿಸಿ ಹೊರಡುವಾಗ ಹದಿನೈದು ನಿಮಿಷ ತಡವಾದರೂ ಚಿಂತೆ ಇರುತ್ತಿರಲಿಲ್ಲ.

ಕ್ಯಾಂಪಸ್ ಹೊರಗೆ ಪೆಟ್ರೋಲ್ ಬಂಕ್, ದಿನಸಿ ಅಂಗಡಿ, ಹೋಟೆಲ್‌ಗಳಲ್ಲಿ ಕೈಗೆ ನಗದು ಕೊಟ್ಟು ಕೆಲಸ ಮಾಡಿಸಿಕೊಳ್ಳುವವರು ಇದ್ದಾರೆ. ಕೆಲವೊಮ್ಮೆ ನಮ್ಮ ಭಾಷೆಯವರೇ ಇರುತ್ತಾರೆ. ಅನುಮತಿ ಇಲ್ಲದ ಕೆಲಸ ಸ್ಟೇಟಸ್ ಮುರಿದಂತೆ. ಸಿಕ್ಕಿಬಿದ್ದರೆ ಓದು ಅರ್ಧಕ್ಕೆ ನಿಲ್ಲುತ್ತದೆ, ಸಾಲ ಊರಿನಲ್ಲಿ ಬೆಳೆಯುತ್ತಿರುತ್ತದೆ. ಸಂಬಳ ಕೊಡದೆ ಸತಾಯಿಸಿದರೂ ದೂರು ಕೊಡಲು ಧೈರ್ಯ ಸಾಲುವುದಿಲ್ಲ, ಅದು ಅವರಿಗೂ ಗೊತ್ತಿರುತ್ತದೆ. ನನ್ನ ಜೊತೆ ಒಂದೇ ಮನೆಯಲ್ಲಿದ್ದ ಹುಡುಗನಿಗೆ ಎರಡು ತಿಂಗಳ ಕೂಲಿ ಹಾಗೇ ಹೋಯಿತು. ಹಣದ ಕಷ್ಟ ತೀರಾ ಹೆಚ್ಚಾದರೆ ಡಿಎಸ್‌ಒ ಹತ್ತಿರ ಹೋಗಿ ನೇರವಾಗಿ ಹೇಳಿ. ಒಂದು ಶೈಕ್ಷಣಿಕ ವರ್ಷ ಮುಗಿದ ಮೇಲೆ, ಮೊದಲು ಗೊತ್ತಿರದ ಹಣದ ತೊಂದರೆ ಬಂದವರಿಗೆ ಹೊರಗೆ ಕೆಲಸ ಮಾಡಲು ಅನುಮತಿ ಕೇಳುವ ಕಾನೂನಿನ ದಾರಿ ಇದೆ.

ತೆರಿಗೆ

ಎಫ್-1ರಲ್ಲಿ ಹೊಸದಾಗಿ ಬಂದವರ ಸಂಬಳದಿಂದ ಮೊದಲ ಐದು ಕ್ಯಾಲೆಂಡರ್ ವರ್ಷ ಸಾಮಾನ್ಯವಾಗಿ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆ ಹಿಡಿಯುವ ಹಾಗಿಲ್ಲ. ಸಂಬಳದ ಚೀಟಿಯಲ್ಲಿ ಹಿಡಿದಿದ್ದು ಕಂಡರೆ ಪೇರೋಲ್ ಕಚೇರಿಗೆ ಹೋಗಿ ಕೇಳಿ. ಆದಾಯ ತೆರಿಗೆಯಲ್ಲಿ ಭಾರತದಿಂದ ಹೋದ ವಿದ್ಯಾರ್ಥಿಗಳಿಗೆ ಒಂದು ಅನುಕೂಲ ಇದೆ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಂತೆ ಅಲ್ಲಿನವರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ (ತೆರಿಗೆ ಹಾಕದೆ ಬಿಡುವ ಆದಾಯದ ಮೊತ್ತ) ನಮಗೂ ಸಿಗುತ್ತದೆ. 2024ರ ಲೆಕ್ಕಕ್ಕೆ ಅದು 14,600 ಡಾಲರ್ ಇತ್ತು. ಬರೀ ಕ್ಯಾಂಪಸ್ ಕೆಲಸದ ಆದಾಯ ಅದರೊಳಗೇ ಇದ್ದರೆ ಹಿಡಿದ ಫೆಡರಲ್ ಆದಾಯ ತೆರಿಗೆ ವಾಪಸ್ ಬರುತ್ತದೆ. ಆದರೆ ರಿಟರ್ನ್ ಸಲ್ಲಿಸಬೇಕು. ಜನವರಿ ಕೊನೆಯೊಳಗೆ ವರ್ಷದ ಸಂಬಳದ ವಿವರ ಇರುವ ಡಬ್ಲ್ಯು-2 ಬರುತ್ತದೆ, ಏಪ್ರಿಲ್ 15ರೊಳಗೆ 1040-ಎನ್‌ಆರ್ (ತೆರಿಗೆಯ ಲೆಕ್ಕದಲ್ಲಿ ಅಲ್ಲಿನ ನಿವಾಸಿಗಳಲ್ಲದವರ ರಿಟರ್ನ್) ಮತ್ತು 8843 ಫಾರಂ ಕಳಿಸಿ. ಮಾಮೂಲಿ 1040 ಫಾರಂ ತುಂಬುವ ಉಚಿತ ಸಾಫ್ಟ್‌ವೇರ್ ಹೊಸದಾಗಿ ಬಂದವರಿಗೆ ಅಲ್ಲ. ಎಷ್ಟೋ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳ ರಿಟರ್ನ್ ತುಂಬುವ ಸ್ಪ್ರಿಂಟ್ಯಾಕ್ಸ್ ಅಥವಾ ಗ್ಲೇಸಿಯರ್ ಸಾಫ್ಟ್‌ವೇರ್‌ಗೆ ಕೋಡ್ ಕೊಡುತ್ತವೆ, ಕೇಳಿ ಪಡೆಯಿರಿ. ಒಂದು ಡಾಲರೂ ದುಡಿಯದಿದ್ದವರು ಕೂಡ 8843 ಕಳಿಸಬೇಕು.

ಬಿಡುವಾಗ

ಪರೀಕ್ಷೆಯ ವಾರಗಳಲ್ಲಿ ಪಾಳಿ ಕಡಿಮೆ ಮಾಡಿ ಎಂದು ಹತ್ತು ದಿನ ಮೊದಲೇ ಕೇಳಿ, ಬಹುತೇಕ ಮ್ಯಾನೇಜರ್‌ಗಳು ಒಪ್ಪುತ್ತಾರೆ. ಅವರ ಕೆಲಸಗಾರರೆಲ್ಲ ವಿದ್ಯಾರ್ಥಿಗಳೇ ಅಲ್ವಾ. ಕೆಲಸ ಬಿಡುವುದಾದರೆ ಎರಡು ವಾರ ಮೊದಲು ಹೇಳಿ, ಮುಂದಿನ ಕೆಲಸಕ್ಕೆ ನಿಮ್ಮ ಬಗ್ಗೆ ಒಳ್ಳೆಯ ಮಾತು ಹೇಳುವವರು ಇವರೇ. ಹೊರಡುವ ಮೊದಲು ಇನ್ನೊಂದು ಕೆಲಸ ಮಾಡಿ. ಆ ಆಗಸ್ಟ್‌ನಲ್ಲಿ ಬರುತ್ತಿರುವ ಹೊಸಬರಲ್ಲಿ ಯಾರಿಗೆ ಕೆಲಸದ ಅಗತ್ಯ ಹೆಚ್ಚು ಎಂದು ವಿಚಾರಿಸಿ, ಅವರ ಹೆಸರು ಮತ್ತು ಬಿಡುವಿನ ಚೌಕಟ್ಟನ್ನು ಮ್ಯಾನೇಜರ್ ಕೈಗೆ ಕೊಡಿ. ನಾನು ಬಿಟ್ಟ ಶನಿವಾರದ ಆರು ಗಂಟೆಯ ಪಾಳಿ ಶಿರಸಿಯಿಂದ ಬಂದ ಒಬ್ಬ ಹುಡುಗಿಗೆ ಹೋಯಿತು. ಅವಳು ವಿಮಾನ ಇಳಿದು ಮೂರನೇ ವಾರಕ್ಕೆ ಕೆಲಸ ಶುರು ಮಾಡಿದಳು.